ಗೊಟ್ಟದಲ್ಲಿ ಇಟಲಿ

ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿದೆ. ಅದರಲ್ಲಿ ಬೇವಿನೆಣ್ಣೆಯ ಡಬ್ಬಿ, ಹಸುಗಳ ಮೈಯ ಉಣ್ಣಿ ಕೀಳುವ ಚಿಮಟ, ಒಂದು ತುಂಡು ಹಗ್ಗ, ಅರಿಶಿನದ ಪೊಟ್ಟಣ ಮತ್ತು ಇಟಲಿ ದೇಶದ ಒಂದು ಬಾಟಲಿ ಇವೆ. ಬಾಟಲಿಯ ಮೇಲೆ ಉದ್ದ ಗಡ್ಡದ ಮುದುಕನೊಬ್ಬನ ಚಿತ್ರ. ಹಾಲಿಗೆ ಬಂದವರೊಬ್ಬರು ಅದನ್ನು ನೋಡಿ, "ಯಾವ ಮಠದ ಸ್ವಾಮಿಗಳು?" ಎಂದು ಕೇಳಿ ಕೈ ಮುಗಿದದ್ದೂ ಉಂಟು. ನಾನು ತಿದ್ದಲು ಹೋಗಲಿಲ್ಲ. ಆ ಸ್ವಾಮಿಗಳ ಕಥೆ ಹೇಳಬೇಕೆಂದರೆ ನನ್ನ ಮೂಗಿನ ಕಥೆಯಿಂದ ಶುರುಮಾಡಬೇಕು, ಅದು ಅಷ್ಟು ಗೌರವದ ಕಥೆಯಲ್ಲ.

ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಎನ್ನುವಷ್ಟರಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಸರೋಜ, ಎಂಬತ್ತು ದಾಟಿದ ನನ್ನಮ್ಮ. ಹಿಂದೆ ಕೊಟ್ಟಿಗೆಯಲ್ಲಿ ಮೂರು ಹಸು. ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದೆ. ಪ್ರಯೋಗಾಲಯದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ತಯಾರಿಸುವ ಪಾಠ ಒಂದಿರುತ್ತದಲ್ಲ, ಆ ದಿನ ನಾನು ಶಾಲೆಗೇ ಪ್ರಸಿದ್ಧ. ಹುಡುಗರು ಹುಡುಗಿಯರು ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದರು, ಪಕ್ಕದ ತರಗತಿ ಖಾಲಿಯಾಗುತ್ತಿತ್ತು, ಹೆಡ್‌ಮೇಷ್ಟ್ರು ಅಂಗಳದಿಂದ ಕೂಗುತ್ತಿದ್ದರು. ನಾನೊಬ್ಬ ಮಾತ್ರ ಒಳಗೆ ನಿಂತು, "ಈಗ ವಾಸನೆಯನ್ನು ಗಮನಿಸಿ" ಎಂದು ಖಾಲಿ ಬೆಂಚುಗಳಿಗೆ ಪಾಠ ಮುಂದುವರಿಸುತ್ತಿದ್ದೆ. ಎಲ್ಲರೂ ಅದನ್ನು ಕರ್ತವ್ಯನಿಷ್ಠೆ ಎಂದುಕೊಂಡರು.

ನಿಜ ಗೊತ್ತಿದ್ದದ್ದು ಅಮ್ಮನಿಗೆ. ನನಗೆ ಹತ್ತು ವರ್ಷವಿದ್ದಾಗ ತಂಗಿ ಹುಟ್ಟಿದಳು. ಮಗುವಿಗೆ ತೇಯ್ದು ನೆಕ್ಕಿಸಲು ಬಜೆ ಬೇಕು, ಗ್ರಂದಿಗೆ ಅಂಗಡಿಯಿಂದ ತಗೊಂಡು ಬಾ ಎಂದು ಅಮ್ಮ ನನ್ನನ್ನು ಕಳಿಸಿದಳು. ದಾರಿಯಲ್ಲಿ ಗೋಲಿ ಆಟ ನಡೆಯುತ್ತಿತ್ತು. ಅದನ್ನು ಮುಗಿಸಿ ಅಂಗಡಿಗೆ ಹೋಗುವ ಹೊತ್ತಿಗೆ ಹೆಸರು ಮರೆತಿತ್ತು. ಒಣಗಿದ ಬೇರು ಎಂಬುದಷ್ಟೇ ನೆನಪು. ಅಂಗಡಿಯವರು ಎರಡು ಮೂರು ಒಣ ಬೇರು ತೋರಿಸಿ, "ಮೂಸಿ ನೋಡಪ್ಪ, ಯಾವುದು?" ಅಂದರು. ನಾನು ಗಂಭೀರವಾಗಿ ಎಲ್ಲವನ್ನೂ ಮೂಸಿದೆ. ಎಲ್ಲವೂ ಕಾಗದದ ಹಾಗೆ ಅನ್ನಿಸಿತು. ಒಂದನ್ನು ಕಟ್ಟಿಸಿಕೊಂಡು ಮನೆಗೆ ಬಂದೆ. ಅಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಒಳಗೆ ಕೂತಿದ್ದಳು. ನಾನು ಹೊಸಿಲು ದಾಟಿರಲಿಲ್ಲ, ಪೊಟ್ಟಣ ಬಿಚ್ಚಿರಲಿಲ್ಲ.

"ಸುಂಟಿ ತಂದಿದ್ದೀಯಲ್ಲೋ! ಮೂಗ್ ಐತೇನ್ಲಾ ನಿಂಗೆ? ಅದು ಮೂಗಲ್ಲ, ಕನ್ನಡ್ಕ ಆಕ್ಕಳಾಕೆ ದೇವ್ರು ಒಡೆದಿರೋ ಗೂಟ!"

ಆಗ ನನಗೆ ಕನ್ನಡಕವೂ ಇರಲಿಲ್ಲ. ಮುಂದೆ ಬಂತು, ಗೂಟ ಉಪಯೋಗಕ್ಕೆ ಬಿತ್ತು. ಆದರೆ ಆ ಮಾತು ಐವತ್ತು ವರ್ಷ ನನ್ನ ಬೆನ್ನು ಬಿಡಲಿಲ್ಲ. ಸಾರು ಸೀದರೆ, ಹಾಲು ಉಕ್ಕಿದರೆ, ಮಾವಿನಹಣ್ಣು ಕೊಳೆತದ್ದು ತಂದರೆ, ಅಮ್ಮ ತಲೆಯೆತ್ತದೆ "ಸುಂಟಿ" ಎನ್ನುತ್ತಿದ್ದಳು. ಸರೋಜ ಮದುವೆಯಾಗಿ ಬಂದ ವಾರದಲ್ಲೇ ಅದನ್ನು ಕಲಿತಳು. ನಗಬೇಡಿ, ನನಗೆ ಅದು ಒಳಗೊಳಗೆ ನಿಜವಾಗಿಯೂ ನೋಯುತ್ತಿತ್ತು. ಸಾಯುವುದರೊಳಗೆ ಒಮ್ಮೆ ಅಮ್ಮನ ಬಾಯಲ್ಲಿ "ನಿನಗೂ ಮೂಗಿದೆ" ಅನ್ನಿಸಿಕೊಳ್ಳಬೇಕು ಎಂಬ ಆಸೆ ಇತ್ತು. ಅರವತ್ತು ದಾಟಿದವನ ಆಸೆ ಇದೇನಾ ಎಂದರೆ, ಹೌದು, ಇದೇ.

ಅದಕ್ಕೆ ದಾರಿ ತೋರಿಸಿದವರು ಸೆಲ್ವರಾಜ್. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಸುರಂಗ ಕುಸಿಯದಂತೆ ಮರದ ತೊಲೆ ನಿಲ್ಲಿಸುವ ಕೆಲಸದಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಆಂಡರ್ಸನ್‌ಪೇಟೆಯಲ್ಲಿ ಕುರ್ಚಿ, ಮಂಚ ರಿಪೇರಿ ಮಾಡಿಕೊಂಡಿದ್ದರು. ನಮ್ಮ ಶಾಲೆಯ ಬೆಂಚುಗಳನ್ನು ಸರಿಮಾಡಲು ಬಂದು ಸ್ನೇಹಿತರಾದವರು ಇನ್ನೂ ಹಾಗೇ ಇದ್ದಾರೆ. ಅವರ ತಮ್ಮ ಹಡಗಿನಲ್ಲಿ ಅಡುಗೆಯವರು. ರಜೆಗೆ ಬಂದಾಗಲೆಲ್ಲ ದೇಶ ದೇಶದ ಬಾಟಲಿ ತಂದು ಅಣ್ಣನಿಗೆ ಕೊಟ್ಟು ಹೋಗುತ್ತಾರೆ. ಹೋದ ಸಲ ಐದು ಬಂದವು. ಮೂರು ಅಮೆರಿಕದ ಬರ್ಬನ್, ಎರಡು ಇಟಲಿಯ ಅಮಾರೊ. ಬರ್ಬನ್ ಎಂದರೆ ಮುಸುಕಿನ ಜೋಳದಿಂದ ಮಾಡಿ, ಒಳಗೆ ಸುಟ್ಟ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಮದ್ಯ. ಅಮಾರೊ ಎಂದರೆ ಅವರ ಭಾಷೆಯಲ್ಲಿ ಕಹಿ. ಬೇರು, ತೊಗಟೆ, ಸೊಪ್ಪು, ಸಿಪ್ಪೆಗಳನ್ನೆಲ್ಲ ಮದ್ಯದಲ್ಲಿ ನೆನೆಹಾಕಿ ತೆಗೆದದ್ದು. ಭರ್ಜರಿ ಊಟದ ಮೇಲೆ ಜೀರ್ಣವಾಗಲೆಂದು ಅಲ್ಲಿನವರು ಒಂದು ಗುಟುಕು ಕುಡಿಯುತ್ತಾರಂತೆ.

ಸೆಲ್ವರಾಜ್ ಮನೆಯಲ್ಲಿ ಅವರ ಹೆಂಡತಿ ಕುಡಿತದ ಮಾತೆತ್ತಿದರೆ ಬೈಬಲ್ ತೆಗೆಯುತ್ತಾರೆ. ಆದ್ದರಿಂದ ಬಾಟಲಿಗಳು ಹಳೆಯ ಸಾಧನಗಳ ಚೀಲದಲ್ಲಿ ಉಳಿ, ಸುತ್ತಿಗೆಗಳ ನಡುವೆ ಕೂತು, ಬಸ್ಸಿನಲ್ಲಿ ನಮ್ಮ ಮನೆಗೆ ಬಂದವು. ನಾವು ಕುಡುಕರಲ್ಲ, ಪರೀಕ್ಷಕರು ಎಂದು ಮೊದಲ ದಿನವೇ ತೀರ್ಮಾನವಾಯಿತು. ಭಾನುವಾರ ಮಧ್ಯಾಹ್ನ, ಅಮ್ಮ ಮಲಗಿದ ಮೇಲೆ, ಮುಂದಿನ ಕೋಣೆಯಲ್ಲಿ ಪರೀಕ್ಷೆ. ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ. ಒಂದು ಬಾಟಲಿಗೆ ಒಂದು ಮುಚ್ಚಳ, ಅದಕ್ಕಿಂತ ತೊಟ್ಟೂ ಹೆಚ್ಚಿಲ್ಲ.

ಫೋನಿನಲ್ಲಿ ಇದನ್ನೆಲ್ಲ ಕಲಿಸುವ ಒಬ್ಬ ದೊಡ್ಡ ಮನುಷ್ಯನಿದ್ದಾನೆ. ಗ್ಲಾಸನ್ನು ತಿರುಗಿಸುತ್ತಾನೆ, ಮೂಗನ್ನು ಒಳಗೆ ಇಳಿಸುತ್ತಾನೆ, ಕಣ್ಣು ಮುಚ್ಚುತ್ತಾನೆ, "ಬೇಸಿಗೆಯ ಹುಲ್ಲುಗಾವಲು, ಅಜ್ಜಿಯ ಚರ್ಮದ ಕುರ್ಚಿ" ಎನ್ನುತ್ತಾನೆ. ನಮ್ಮಜ್ಜಿಗೆ ಚರ್ಮದ ಕುರ್ಚಿ ಇರಲಿಲ್ಲ, ಕೂರಲು ಒಂದು ಗೋಣಿಚೀಲವಿತ್ತು. ನಾನೂ ಮೂಗು ಇಳಿಸಿದೆ. ಗೋಣಿಚೀಲವೂ ಸಿಗಲಿಲ್ಲ.

ಸೆಲ್ವರಾಜ್‌ಗೆ ಮಾತ್ರ ಮೊದಲ ಗುಟುಕಿಗೇ ಸಿಕ್ಕಿತು. "ಮರ ಸಾರ್, ಪಕ್ಕಾ ಮರ. ಗಣಿ ಕೆಳಗೆ ನೀರು ತೊಟ್ಟಿಕ್ಕೋ ಕಡೆ ನಿಲ್ಸಿದ ತೊಲೆ ಇರ್ತದಲ್ಲ, ಅಪ್ಪಡಿಯೇ ಅದೇ ವಾಸನೆ." ಹೇಳುತ್ತ ಅವರ ಕಣ್ಣು ಒದ್ದೆಯಾಯಿತು. ಎರಡನೆಯ ಬರ್ಬನ್ನಿಗೂ ಅದೇ ತೊಲೆ, ಮೂರನೆಯದಕ್ಕೂ ಅದೇ. ಅವರು ಬರ್ಬನ್ ಪಕ್ಷ ಸೇರಿದರು. ಪಕ್ಷ ಸಮವಾಗಿರಲೆಂದು ನಾನು ಇಟಲಿ ಪಕ್ಷ ಸೇರಿದೆ, ರುಚಿ ಗೊತ್ತಾಗಿ ಅಲ್ಲ.

ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ನಾಲಿಗೆಯನ್ನು ತಿಳಿಮಾಡಿಕೊಳ್ಳಬೇಕೆಂದು ದೊಡ್ಡ ಮನುಷ್ಯ ಹೇಳಿದ್ದ. ನಮಗೆ ಸಿಕ್ಕ ತಿಳಿಯಾದ ವಸ್ತು ಬಂಗಾರಪೇಟೆಯ ಪಾನಿಪೂರಿಯ ಪಾನಿ. ನಮ್ಮೂರಿನ ಪಾನಿ ಬೇರೆಡೆಯಂತೆ ಹಸಿರಲ್ಲ, ನೋಡಲು ಶುದ್ಧ ಬಾವಿ ನೀರು. ಪಾರ್ಸೆಲ್ ತಂದು ಒಂದೊಂದು ಲೋಟ ಇಟ್ಟುಕೊಂಡೆವು. ಮೊದಲ ಭಾನುವಾರ ಪೂರ್ತಿ ಅಮೆರಿಕವೂ ಇಟಲಿಯೂ ಹಸಿಮೆಣಸಿನಕಾಯಿಯ ರುಚಿಯಲ್ಲಿ ಒಂದಾಗಿಹೋದವು. ಇಬ್ಬರಿಗೂ ಬಿಕ್ಕಳಿಕೆ ಬಂದು ಪರೀಕ್ಷೆಯನ್ನು ಮುಂದೂಡಿದೆವು.

ಫಲಿತಾಂಶ ಬರೆಯಲು ಶಾಲೆಯ ಹಳೆಯ ಹಾಜರಿ ಪುಸ್ತಕವಿತ್ತು. ಅಭ್ಯಾಸಬಲ, ಕೈ ತಾನಾಗಿಯೇ ಷರಾ ಬರೆಯಿತು. "ಅಮೆರಿಕ ಒಂದು: ಆರಂಭದಲ್ಲಿ ಉತ್ಸಾಹ, ಕೊನೆಯಲ್ಲಿ ಗಲಾಟೆ. ಪೋಷಕರನ್ನು ಕರೆಸುವುದು." "ಅಮೆರಿಕ ಮೂರು: ಸೌಮ್ಯ ಸ್ವಭಾವ, ಪಾಠದ ಮಧ್ಯೆ ನಿದ್ದೆ." "ಇಟಲಿ ಗಡ್ಡ: ತುಂಬ ಕಹಿ. ಯಾಕೆಂದು ತಿಳಿಯಲಿಲ್ಲ. ಮತ್ತೊಮ್ಮೆ ಹಾಜರಾಗತಕ್ಕದ್ದು." ಇಟಲಿ ಗಡ್ಡ ಎಂದರೆ ಕೊಟ್ಟಿಗೆಯ ಗೂಡಿನಲ್ಲಿರುವ ನಮ್ಮ ಸ್ವಾಮಿಗಳು. ಅವರನ್ನು ಎಷ್ಟು ಭಾನುವಾರ ಹಾಜರುಪಡಿಸಿದರೂ ನನ್ನ ಷರಾ ಬದಲಾಗಲಿಲ್ಲ.

ಬಾಟಲಿಗಳನ್ನು ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟಿದ್ದೆ. ಮೂರನೆಯ ವಾರ ಅಮ್ಮನ ಕಣ್ಣಿಗೆ ಬಿದ್ದವು.

"ಏನ್ಲಾ ಇವು?"

ಅಪ್ಪ ಇದ್ದಾಗ ಕುಡಿದು ಬಂದರೆ ಅಮ್ಮ ಅವರನ್ನು ಕೊಟ್ಟಿಗೆಯಲ್ಲಿ ಮಲಗಿಸುತ್ತಿದ್ದಳು. ಅದು ನೆನಪಾಗಿ ನನ್ನ ಬಾಯಿಗೆ ಸುಳ್ಳು ಬಂದುಬಿಟ್ಟಿತು. "ಕಷಾಯ ಅಮ್ಮ, ಗ್ಯಾಸಿಗೆ. ಬೇರು ನಾರು ಹಾಕಿ ಮಾಡಿರೋದು." ಇಟಲಿಯ ಮಟ್ಟಿಗೆ ಅದು ಅರ್ಧ ನಿಜವೂ ಆಗಿತ್ತು.

"ಇವು ಮೂರು?"

"ಅವು ಸೆಲ್ವರಾಜ್‌ದು. ಮಂಡಿ ನೋವಿಗೆ ಹಚ್ಚಿಕೊಳ್ಳೋದು."

ಅಮ್ಮ ಮುಚ್ಚಳ ತೆಗೆದು ಒಂದೊಂದನ್ನೂ ಮೂಸಿದಳು. ಮತ್ತೆ ಮುಚ್ಚಳ ಹಾಕಿ ಒಳಗೆ ಹೋದಳು. ಸರೋಜ ಒಗ್ಗರಣೆ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. "ರೀ, ಇನ್ನೊಂದು ಬಾಟಲಿ ಇದ್ದಿದ್ರೆ ಅದನ್ನ ಕಣ್ಣಿಗೆ ಬಿಡೋ ಔಷಧಿ ಅಂತಿದ್ರೇನೋ" ಅಂದಳು.

ಅಲ್ಲಿಂದ ಮುಂದೆ ಒಂದು ವಿಚಿತ್ರ ಶುರುವಾಯಿತು. ಬರ್ಬನ್ ಕಡಿಮೆಯಾಗತೊಡಗಿತು. ನಾನು ಮೇಷ್ಟ್ರು, ಬಾಟಲಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿಟ್ಟೆ. ಮರುವಾರ ಗೀಟಿಗಿಂತ ಒಂದು ಬೆರಳು ಕೆಳಗೆ. ಸೆಲ್ವರಾಜ್ ಬರುವುದು ಭಾನುವಾರ ಮಾತ್ರ, ಆದರೂ ನನ್ನ ಅನುಮಾನ ಅವರ ಮೇಲೇ ಹೋಯಿತು. ಅವರ ಮಾತಿಗೆ ನಾನು ಬರಿ ಹೂಂ ಎನ್ನತೊಡಗಿದೆ. ಪಾಪ, ಅವರಿಗೂ ಅದೇ ಅನುಮಾನ ನನ್ನ ಮೇಲಿತ್ತೆಂದು ಆಮೇಲೆ ತಿಳಿಯಿತು. ಎರಡು ಭಾನುವಾರ ಇಬ್ಬರು ಪರೀಕ್ಷಕರು ಒಬ್ಬರ ಕೈಯನ್ನು ಒಬ್ಬರು ನೋಡುತ್ತ ಪರೀಕ್ಷೆ ನಡೆಸಿದೆವು.

ಅದರ ಮುಂದಿನ ಭಾನುವಾರ ಪಕ್ಕದ ಮನೆಯಲ್ಲಿ ಗೃಹಪ್ರವೇಶ. ನಾನು, ಸರೋಜ, ಸೆಲ್ವರಾಜ್ ಮೂವರೂ ಊಟಕ್ಕೆ ಹೋಗಿದ್ದೆವು. ನಾವು ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುವಾಗ, ನಮ್ಮ ಚೆಲುವಿ ಹಗ್ಗ ಬಿಚ್ಚಿಕೊಂಡು ಅದೇ ಮನೆಯ ಹಿತ್ತಲಿಗೆ ಹೋಗಿ, ಎಂಜಲೆಲೆಯ ರಾಶಿಯಲ್ಲಿ ನಮಗಿಂತ ಚೆನ್ನಾಗಿ ಊಟ ಮಾಡಿದ್ದಳು. ಚೆಲುವಿ ಅಮ್ಮನ ಹಸು. ಅದರ ತಾಯಿ ಸತ್ತಾಗ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ಅಮ್ಮ. ಅನ್ನ, ಒಬ್ಬಟ್ಟು, ಪಾಯಸ ಎಲ್ಲ ಒಟ್ಟಿಗೆ ಹೋದರೆ ಹಸುವಿನ ಹೊಟ್ಟೆ ಉಬ್ಬರಿಸಿ ಜೀವಕ್ಕೇ ಬರುತ್ತದೆ.

ಅಮ್ಮನ ಕೂಗು ಕೇಳಿ ನಾವು ಓಡಿ ಬರುವಷ್ಟರಲ್ಲಿ ಚೆಲುವಿಯ ಎಡಪಕ್ಕೆ ಬಿಗಿದು ನಗಾರಿಯಾಗಿತ್ತು. ನಾಲಿಗೆ ಹೊರಗೆ, ಕಣ್ಣು ಮೇಲೆ. ಅಮ್ಮ ಅಳುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ನಾನು ಪಶು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕಾಮಸಮುದ್ರದ ಆಚೆ ಯಾವುದೋ ಹಳ್ಳಿಯಲ್ಲಿದ್ದರು. ಮುಕ್ಕಾಲು ಗಂಟೆಯಾಗುತ್ತದೆ, ಅಷ್ಟರಲ್ಲಿ ಎಣ್ಣೆ ಕುಡಿಸಿ, ನಿಲ್ಲಲು ಬಿಡದೆ ನಡೆಸಿ ಎಂದರು. ನಾನು ಫೋನ್ ಇಟ್ಟು ತಿರುಗಿ ನೋಡುತ್ತೇನೆ, ಅಮ್ಮ ಗೊಟ್ಟ ಹಿಡಿದು ನಿಂತಿದ್ದಳು. ಗೊಟ್ಟ ಎಂದರೆ ದನಗಳಿಗೆ ಔಷಧಿ ಕುಡಿಸುವ, ತುದಿಯನ್ನು ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಅವಳ ಇನ್ನೊಂದು ಕೈಯಲ್ಲಿ ಇಟಲಿ ಗಡ್ಡ.

"ಅಮ್ಮಾ, ಅದು ಬೇಡ!"

"ಯಾಕ್ಲಾ? ಗ್ಯಾಸಿಗೆ ಅಂದೆ. ಮನುಸ್ರ ಗ್ಯಾಸೇ ಬೇರೆ, ದನದ ಗ್ಯಾಸೇ ಬೇರೆಯಾ? ಸೆಲ್ವ, ಮೂತಿ ಎತ್ತಿ ಇಡ್ಕಳಪ್ಪ!"

ಸೆಲ್ವರಾಜ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಿಜ ಹೇಳಲು ನನ್ನ ಬಾಯಿ ತೆರೆದಿತ್ತು, ಆದರೆ ಚೆಲುವಿಯ ಬಾಯಿ ಅದಕ್ಕೆ ಮೊದಲೇ ತೆರೆಯಿತು. ಅಮ್ಮ ಒಳ್ಳೆಣ್ಣೆಗೆ ಇಟಲಿಯನ್ನು ಬೆರೆಸಿ ಗೊಟ್ಟಕ್ಕೆ ಸುರಿದು, ನಿಧಾನವಾಗಿ, ಕೆಮ್ಮು ಬರದಂತೆ ಕುಡಿಸಿದಳು. ಎರಡು ಗೊಟ್ಟ. ನಾವು ಏಳು ಭಾನುವಾರ ಮುಚ್ಚಳದಲ್ಲಿ ಅಳೆದು ಉಳಿಸಿದ್ದರ ಮುಕ್ಕಾಲು ಪಾಲು. ಆಮೇಲೆ ಗ್ಯಾಸ್ ಹೊರಬರಲೆಂದು ಬಾಯಿಗೆ ಅಡ್ಡವಾಗಿ ಬೇವಿನ ಕಡ್ಡಿ ಕಟ್ಟಿ, "ನಡೆಸ್ರೋ" ಎಂದಳು. ನಾವಿಬ್ಬರೂ ಚೆಲುವಿಯನ್ನು ಹಿಡಿದುಕೊಂಡು ಹಿತ್ತಲಲ್ಲಿ ಸುತ್ತು ಹಾಕತೊಡಗಿದೆವು. "ಕಡವುಳೇ, ಇದಕ್ಕೆ ಏನಾದ್ರೂ ಆದ್ರೆ ನಾವಿಬ್ರೂ ಕೊಲೆಗಾರರು ಸಾರ್" ಎಂದು ಸೆಲ್ವರಾಜ್ ಪಿಸುಗುಟ್ಟಿದರು. ಅಮ್ಮ ಚೆಲುವಿಯ ಪಕ್ಕೆಯನ್ನು ಅಂಗೈಯಿಂದ ತೀಡುತ್ತ ಜೊತೆಗೇ ಬರುತ್ತಿದ್ದಳು.

ಹನ್ನೊಂದನೆಯ ಸುತ್ತಿನಲ್ಲಿ ಚೆಲುವಿ ನಿಂತಳು. ಕತ್ತು ಚಾಚಿದಳು. ಆಮೇಲೆ ಬಂದ ತೇಗನ್ನು ನಾನು ವರ್ಣಿಸಲಾರೆ. ಒಂದು ಒಳ್ಳೆಯ ಮದ್ಯದ ರುಚಿ ಕೊನೆಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆ ಎಂದು ಫೋನಿನ ದೊಡ್ಡ ಮನುಷ್ಯ ಹೇಳಿದ್ದ. ಇದು ಗೃಹಪ್ರವೇಶದ ಪೆಂಡಾಲಿನವರು ಎದ್ದು ಬಂದು ನೋಡುವಷ್ಟು ಹೊತ್ತು ಉಳಿಯಿತು. ಪಕ್ಕೆ ಇಳಿಯಿತು. ಎರಡನೆಯ ತೇಗು, ಮೂರನೆಯ ತೇಗು. ಅಮ್ಮ ನೆಲದ ಮೇಲೆ ಕೂತು ಆಗ ಅತ್ತಳು.

ಡಾಕ್ಟರು ಬಂದಾಗ ಚೆಲುವಿ ಕಿವಿ ಆಡಿಸುತ್ತ, ಸ್ವಲ್ಪ ವಾಲಿಕೊಂಡು ನಿಂತಿದ್ದಳು. ಅವರು ಹೊಟ್ಟೆ ತಟ್ಟಿ ನೋಡಿದರು, ಮೂತಿಯ ಹತ್ತಿರ ಬಗ್ಗಿದರು, ತಟ್ಟನೆ ತಲೆ ಎತ್ತಿದರು. "ಏನು ಕುಡಿಸಿದ್ರಿ ಇದಕ್ಕೆ? ಇಂಜೆಕ್ಷನ್ ಕೊಡಬೇಕು, ಸರಿಯಾಗಿ ಹೇಳಿ."

"ಕಸಾಯ. ನನ್ ಮಗಂದು" ಎಂದಳು ಅಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ಕಷಾಯ ಎಂದು ನಾನೂ ಒಪ್ಪಿಕೊಂಡು, ಡಾಕ್ಟರು ಕೊಡುವ ಔಷಧಿ ಒಳಗಿನ ಮದ್ಯಕ್ಕೆ ಒಗ್ಗದೆ ಚೆಲುವಿಗೆ ಏನಾದರೂ ಆದರೆ? ಮೂಗಿಲ್ಲದವನು ಎನ್ನಿಸಿಕೊಂಡದ್ದು ಸಾಲದೆ ಸುಳ್ಳ, ಕುಡುಕ ಎಂದೂ ಅನ್ನಿಸಿಕೊಳ್ಳುವ ಕಾಲ ಬಂತು ಎಂದುಕೊಂಡೆ. ಕಣ್ಣು ನೆಲಕ್ಕೆ ಹಾಕಿ, "ಕಷಾಯ ಅಲ್ಲ ಡಾಕ್ಟ್ರೆ. ಇಟಲಿಯ ಮದ್ಯ. ನಾನು ಅಮ್ಮನಿಗೆ ಸುಳ್ಳು ಹೇಳಿದ್ದೆ" ಅಂದೆ. ತರಗತಿಯಲ್ಲಿ ನಾನು ಎಬ್ಬಿಸಿ ನಿಲ್ಲಿಸಿದ ಮಕ್ಕಳೆಲ್ಲ ನೆನಪಾದರು.

"ಅದೇನ್ಲಾ ಒಸಾದಾಗಿ ಏಳ್ತೀಯ?" ಎಂದಳು ಅಮ್ಮ. "ಮೂಸಿದ್ ದಿನವೇ ಗೊತ್ತಾತು. ಸಾರಾಯಿ ಇಲ್ದಿದ್ರೆ ನಾನ್ಯಾಕೆ ಆಕ್ತಿದ್ದೆ? ಮೊದ್ಲೆಲ್ಲಾ ದನ ಉಬ್ರುಸ್ದಾಗ ನಿಮ್ಮಪ್ಪನ್ನ ಸಾರಾಯಿ ಅಂಗ್ಡಿಗೆ ಓಡುಸ್ತಿದ್ದೆ. ಅರ್ಧ ದನಕ್ಕೆ, ಅರ್ಧ ಅವ್ರಿಗೆ. ಇದು ಅದುಕ್ಕಿಂತ ವಾಸಿ. ಇದ್ರಾಗೆ ಕಿತ್ಲೆ ಸಿಪ್ಪೆ ಐತೆ, ಸೋಂಪು ಐತೆ, ಪುದೀನ, ಲವಂಗ, ಕಹಿ ಬೇರು ಯಾವ್ದೋ ಐತೆ, ಅದು ನಮ್ಮ ಕಡೇದಲ್ಲ."

ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಸೆಲ್ವರಾಜ್‌ಗೆ ತಡೆಯಲಾಗಲಿಲ್ಲ. "ಅಮ್ಮಾ, ಆ ಇನ್ನು ಮೂರು ಬಾಟಲಿ?"

"ಅವು ಜೋಳದ್ದು. ಕಡ್ಡಿ ಕತ್ತರಿಸಿ ಗುಂಡಿಗೆ ಮುಚ್ಚಿಟ್ಟಿದ್ ಮೇವು ತೆಗೆದಾಗ ಬತ್ತದಲ್ಲ, ಆ ಉಳಿ ಉಳಿ ವಾಸ್ನೆ. ಮ್ಯಾಲೆ ಸುಟ್ಟ ಸೌದೆ, ಬೆಲ್ಲದ ಪಾಕ. ಮಂಡಿಗೆ ಅಂದ್ನಲ್ಲ ಇವ್ನು, ದಿನಾ ಸಂಜೆ ಮಂಡಿಗೇ ಅಚ್ಕಂಡೆ. ಸುಳ್ಳು ಏಳೋನ ಆಸ್ತಿ ಅಂಗೇ ಕರಗ್ಬೇಕು ಅಂತ. ನೋವೂ ವಸಿ ಕಮ್ಮಿ ಆತು."

ಗೀಟಿನ ಕೆಳಗೆ ಇಳಿದ ಬರ್ಬನ್ ಅಮ್ಮನ ಎರಡು ಮಂಡಿಗಳಲ್ಲಿತ್ತು. ನಾನು ಸೆಲ್ವರಾಜ್ ಕಡೆ ನೋಡಲಾರದೆ ನೋಡಿದೆ. ಅವರು ನನ್ನ ಬೆನ್ನು ತಟ್ಟಿ, "ನಾನೂ ನಿಮ್ಮನ್ನೇ ಅಂದ್ಕೊಂಡಿದ್ದೆ ಸಾರ್" ಎಂದರು. ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಡಾಕ್ಟರು ಎರಡು ದಿನ ಚೆಲುವಿಯ ಹಾಲನ್ನು ಡೈರಿಗೆ ಹಾಕಬೇಡಿ ಎಂದು ಹೇಳಿ, ಹೊರಡುವಾಗ ಬಾಟಲಿಯ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಹೋದರು.

ಆವತ್ತೇ ಅಮ್ಮ ಉಳಿದ ಇಟಲಿಯನ್ನು ಕೊಟ್ಟಿಗೆಯ ಗೂಡಿಗೆ ಸೇರಿಸಿದಳು. ಸೇರಿಸುವಾಗ ನನ್ನನ್ನು ಕರೆದಳು. "ಇದ್ರಾಗೆ ಇನ್ನೊಂದು ಐತೆ ಕಣ್ಲಾ. ನಾನು ಬೇಕೂಂತ ಏಳಿಲ್ಲ. ನೀನೇ ಕಂಡ್ಕಾ."

ನಾನು ಕಂಗಾಲಾದೆ. ಹಾಜರಿ ಪುಸ್ತಕದಲ್ಲಿ ಒಂದು ಪುಟವನ್ನೇ ಅದಕ್ಕೆ ಮೀಸಲಿಟ್ಟೆ. ದಿನಾ ಕೊಟ್ಟಿಗೆಗೆ ಹೋಗಿ ಮುಚ್ಚಳ ಮೂಸುವುದು, ಬಂದು ಬರೆಯುವುದು. ಏಲಕ್ಕಿ. ಹೊಡೆದು ಹಾಕಿದೆ. ದಾಲ್ಚಿನ್ನಿ, ಲಾವಂಚ, ಕರ್ಪೂರ. ಒಂದು ದಿನ ಹತಾಶೆಯಿಂದ "ಶುಂಠಿ?" ಎಂದೂ ಬರೆದು, ಸರೋಜ ನೋಡುವ ಮೊದಲೇ ಉಜ್ಜಿದೆ. ಚೆಲುವಿ ಮಾತ್ರ ಮುಚ್ಚಳದ ಸದ್ದಿಗೆ ಕತ್ತು ಚಾಚಿ ನಿಲ್ಲುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು ಎಂದು ನನ್ನ ನಂಬಿಕೆ.

ಹೋದ ಭಾನುವಾರ ನೆಂಟರ ಮದುವೆಯಲ್ಲಿ ಉಂಡು ಬಂದ ನನ್ನ ಹೊಟ್ಟೆ ನಿಜವಾಗಿಯೂ ಉಬ್ಬರಿಸಿತು. ಬಟ್ಟೆ ಬದಲಿಸದೆ ಕೊಟ್ಟಿಗೆಗೆ ಹೋಗಿ, "ಅಮ್ಮ, ಆ ಕಷಾಯ ಒಂದು ಮುಚ್ಚಳ ಕೊಡು" ಎಂದೆ. ಅಮ್ಮ ನನ್ನ ಹೊಟ್ಟೆಯ ಎಡಪಕ್ಕೆಯನ್ನು ತಟ್ಟಿ ನೋಡಿದಳು. ಬಾಟಲಿ ತೆಗೆದಳು. ಗೊಟ್ಟವನ್ನೂ ತೆಗೆದು ತೊಳೆದಳು.

"ಲೋಟದಲ್ಲಿ ಕೊಡಮ್ಮ."

"ಲೋಟದಾಗೆ ಕೊಟ್ರೆ ಕುಡ್ತ, ಗೊಟ್ಟದಾಗೆ ಕೊಟ್ರೆ ಔಸ್ದಿ. ಕೂತ್ಕ."

ಮೂವತ್ತು ವರ್ಷ ಮಕ್ಕಳಿಗೆ ಜೀರ್ಣಾಂಗವ್ಯೂಹ ಪಾಠ ಮಾಡಿದವನು ನಾನು, ರೇಷ್ಮೆ ಅಂಚಿನ ಪಂಚೆಯಲ್ಲಿ, ಕಲಗಚ್ಚಿನ ಬಾನಿಯ ಅಂಚಿಗೆ ಕೂತು ಮೂತಿ ಎತ್ತಿದೆ. ಬಾಗಿಲಲ್ಲಿ ಸರೋಜ ಫೋನ್ ಹಿಡಿದು ನಿಂತಿದ್ದಳು. ಸೆಲ್ವರಾಜ್, "ಅಮ್ಮಾ, ನನಗೂ ಗ್ಯಾಸ್" ಎಂದು ನನ್ನ ಹಿಂದೆ ಸರತಿಗೆ ನಿಂತರು. ಅಮ್ಮ ಗಲ್ಲ ಹಿಡಿದು ಗೊಟ್ಟವನ್ನು ಬಾಯಿಯ ಓರೆಗೆ ಇಟ್ಟಳು. ಮೂಗಿನ ನೇರಕ್ಕೆ ಅವಳ ಕೈ. ಮೊದಲು ಕಹಿ, ಆಮೇಲೆ ಕಿತ್ತಳೆ ಸಿಪ್ಪೆ. ಕಣ್ಣು ಮುಚ್ಚಿದೆ. ನುಂಗಿದ ಮೇಲೆ, ಎಲ್ಲ ಇಳಿದುಹೋದ ಮೇಲೆ, ಗಂಟಲಿನ ಹಿಂದಿನಿಂದ ಏನೋ ಒಂದು ಮೇಲಕ್ಕೆ ಬಂತು. ಒದ್ದೆ ಸಾಣೆಕಲ್ಲು. ತಂಗಿಯ ಬಾಯಿ. ಅಮ್ಮನ ಮಡಿಲು, ಅದರಲ್ಲಿ ಜಾಗವಿಲ್ಲವೆಂದು ಹತ್ತು ವರ್ಷದ ನಾನು ಮುನಿಸಿಕೊಂಡು ಕೂತ ಮೂಲೆ.

"ಬಜೆ" ಅಂದೆ.

ಅಮ್ಮನ ಕೈ ನಿಂತಿತು. "ಸುಂಟಿ ಅಲ್ವಾ?"

"ಅಲ್ಲಮ್ಮ. ಬಜೆ."

ಹಿಂದಿನಿಂದ ಸೆಲ್ವರಾಜ್ ಏನೋ ಹೇಳಲು ಹೋದರು, ಸರೋಜ ತಡೆದಳು. ಅಮ್ಮ ಸೆರಗಿನ ತುದಿಯಿಂದ, ಚೆಲುವಿಗೆ ಒರೆಸುವಂತೆಯೇ, ನನ್ನ ಮೂತಿ ಒರೆಸಿದಳು. ಒರೆಸುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು:

"ಅಂಗ್ಡಿಗೆ ಓಗಿದ್ದೋನು ಇವತ್ತು ಬಂದ."